ಇಟ್ಟಿಗೆ ಹೊದಿಕೆ ಕಟ್ಟುವಾಗ ನೀರಿಗೆ ದಾರಿ ಬಿಡಿ

ಮನೆಯ ಹೊರಗೋಡೆಗೆ ಇಟ್ಟಿಗೆ ಹೊದಿಕೆ ಕಟ್ಟುವ ಕೆಲಸ ಮುಗಿಯಿತು. ಮಳೆ ನೇರವಾಗಿ ಹೊಡೆಯುವ ಕಡೆಯ ಉದ್ದ ಗೋಡೆಗೆ ಇಡೀ ಇಟ್ಟಿಗೆಯ ಹೊದಿಕೆ. ಮುಂಬಾಗಿಲ ಎರಡು ಕಂಬಗಳಿಗೆ ಅಂಟಿಸುವ ತೆಳು ಇಟ್ಟಿಗೆ. ಎರಡನ್ನೂ ಬ್ರಿಕ್ ವೆನೀರ್ ಅಂತಲೇ ಕರೆಯುತ್ತಾರೆ, ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಂದು ತನ್ನ ಭಾರ ತಾನೇ ಹೊತ್ತು ನಿಲ್ಲುತ್ತದೆ, ಇನ್ನೊಂದು ಹಿಂದಿನ ಗೋಡೆಯನ್ನೇ ನಂಬಿಕೊಂಡಿರುತ್ತದೆ. ಹಾಗಾಗಿ ಕೆಲಸದ ರೀತಿ ಪೂರ್ತಿ ಬೇರೆ.

ಶುರು ಮಾಡುವ ಮೊದಲು ಒಂದು ವಿಷಯ ತಲೆಗೆ ಚೆನ್ನಾಗಿ ಹೋಗಬೇಕು. ಹೊದಿಕೆಯ ಇಟ್ಟಿಗೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಇಟ್ಟಿಗೆ ನೀರು ಹೀರುತ್ತದೆ, ಗಾರೆಯೂ ಹೀರುತ್ತದೆ. ಎರಡೂ ಸೇರುವ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಇದ್ದೇ ಇರುತ್ತದೆ. ಗಾಳಿ ಸಮೇತ ಮಳೆ ಬಡಿದರೆ ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಒಂದಿಷ್ಟು ನೀರು ಒಳಗೆ ಬರುತ್ತದೆ. ಬಂದ ನೀರು ಹಿಂದಿನ ಗೋಡೆಗೆ ದಾಟದೆ, ಕೆಳಗಿಳಿದು, ಹೊರಗೆ ಹೋಗಬೇಕು. ಹೊದಿಕೆಯ ಹಿಂದೆ ಬಿಡುವ ಖಾಲಿ ಜಾಗ, ತಳದಲ್ಲಿ ಹಾಸುವ ಹಾಳೆ, ಇಟ್ಟಿಗೆ ನಡುವೆ ಬಿಡುವ ತೂತು, ಎಲ್ಲವೂ ಇದಕ್ಕಾಗಿಯೇ. ಮೇಸ್ತ್ರಿ ಜೊತೆ ಮಾತಾಡುವಾಗಲೂ ನಾನು ಇಟ್ಟಿಗೆಯ ಬಣ್ಣದ ಮಾತು ಎತ್ತುವ ಮೊದಲು ಇದನ್ನೇ ಮಾತಾಡಿದೆ.

ಭಾರ ಮತ್ತು ಪಾಯ

ನಾವು ಬಳಸಿದ ಇಟ್ಟಿಗೆ 230 ಮಿ.ಮೀ. ಉದ್ದ, 110 ಅಗಲ, 76 ಎತ್ತರ. 10 ಮಿ.ಮೀ. ಸಂದು ಸೇರಿಸಿದರೆ ಒಂದು ಚದರ ಮೀಟರಿಗೆ 48–49 ಇಟ್ಟಿಗೆ ಬೇಕು. ಅಷ್ಟು ಜಾಗದ ತೂಕ ಸುಮಾರು 200 ಕೆ.ಜಿ. ಗೋಡೆ 3 ಮೀಟರ್ ಎತ್ತರ ಇದ್ದರೆ, ಪ್ರತಿ ಮೀಟರ್ ಉದ್ದಕ್ಕೆ 600 ಕೆ.ಜಿ. ಕೆಳಗೆ ಕೂರುತ್ತದೆ. ಇದನ್ನು ಅಂಗಳದ ಕಾಂಕ್ರೀಟ್ ಹಾಸಿನ ಮೇಲೋ ಮಣ್ಣಿನ ಮೇಲೋ ಸುಮ್ನೆ ಎಬ್ಬಿಸುವ ಹಾಗಿಲ್ಲ. ಅದು ಒಂದು ಚೂರು ಕುಸಿದರೂ ಹೊದಿಕೆ ಮೆಟ್ಟಿಲು ಮೆಟ್ಟಿಲಾಗಿ ಸೀಳುತ್ತದೆ.

ಹೊಸ ಮನೆಯಾದರೆ ಪಾಯ ಹಾಕುವಾಗಲೇ ಹೊದಿಕೆಗೆ ಒಂದು ಅಂಚು ಬಿಡುತ್ತಾರೆ. ಹಳೇ ಮನೆಗೆ ಅದು ಇರುವುದಿಲ್ಲ. ನಮ್ಮದು ಹಳೇ ಗೋಡೆ. ಹಾಗಾಗಿ ಪಾಯದ ಪಕ್ಕ ತುಂಡು ತುಂಡಾಗಿ ಅಗೆದು, ಹಳೇ ಪಾಯದಷ್ಟೇ ಗಟ್ಟಿ ನೆಲ ಸಿಗುವ ತನಕ ಇಳಿದು, ಕಬ್ಬಿಣ ಕಟ್ಟಿ ಹೊಸ ಪಾಯ ಹಾಕಿದೆವು. ಅದರ ಅಳತೆಯನ್ನೂ ಹಳೇ ಪಾಯಕ್ಕೆ ಜೋಡಿಸುವ ರೀತಿಯನ್ನೂ ಇಂಜಿನಿಯರ್ ಲೆಕ್ಕ ಹಾಕಿ ಕೊಟ್ಟರು. ಈ ಒಂದು ಭಾಗವನ್ನು ಅಂದಾಜಿನ ಮೇಲೆ ಮಾಡಲೇಬೇಡಿ. ಪಾಯ ಹಾಕಲು ಜಾಗ ಇಲ್ಲ, ಖರ್ಚು ಬೇಡ ಅನ್ನುವವರಿಗೆ ತೆಳು ಇಟ್ಟಿಗೆಯೇ ಸರಿ. ಅದು ಅಂಟು ಸೇರಿ ಇದರ ಕಾಲು ಭಾಗದಷ್ಟೂ ತೂಗುವುದಿಲ್ಲ.

ಗೋಡೆಯ ಮುಖ ಎಷ್ಟು ಹೊರಗೆ ಬರುತ್ತದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ. 110 ಮಿ.ಮೀ. ಇಟ್ಟಿಗೆ, ಹಿಂದೆ 50 ಮಿ.ಮೀ. ಖಾಲಿ ಜಾಗ. ಒಟ್ಟು 160. ಕಿಟಕಿಗಳು ಅಷ್ಟು ಒಳಗೆ ಹೋಗುತ್ತವೆ. ಹೊರಗಿನ ನಲ್ಲಿ, ಸ್ವಿಚ್ ಡಬ್ಬಿ, ಮಳೆನೀರಿನ ಪೈಪು ಎಲ್ಲವನ್ನೂ ಮುಂದಕ್ಕೆ ತರಬೇಕು. ಛಾವಣಿಯ ಚಾಚು ಹೊದಿಕೆಯನ್ನು ದಾಟಿ ಮುಂದೆ ಇದೆಯಾ ಅಂತಲೂ ನೋಡಬೇಕು.

ಹಿಂದಿನ ಗೋಡೆ ಮತ್ತು ತಳದ ಹಾಳೆ

ಹಳೇ ಗಿಲಾವನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದೆವು. ಟೊಳ್ಳು ಸದ್ದು ಬಂದ ಕಡೆ ಕಿತ್ತು ಹೊಸ ಗಾರೆ ಹಾಕಿದೆವು. ಅದು ಒಣಗಿದ ಮೇಲೆ ಗೋಡೆಗೆಲ್ಲ ಸಿಮೆಂಟ್ ಆಧಾರಿತ ವಾಟರ್‌ಪ್ರೂಫಿಂಗ್ ಎರಡು ಪದರ. ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ನೀರನ್ನು ತಡೆಯುವ ನಿಜವಾದ ಗೋಡೆ ಇದೇ. ಇಟ್ಟಿಗೆ ಮೇಲೆದ್ದ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ರಿಪೇರಿಗೂ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಆತುರ ಬೇಡ.

ಮುಂದಿನದು ಫ್ಲಾಶಿಂಗ್. ಹೊದಿಕೆಯ ಹಿಂದೆ ಇಳಿದ ನೀರನ್ನು ಹಿಡಿದು ಹೊರಗೆ ತಳ್ಳುವ ಹಾಳೆ ಇದು. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ನಾವು ಸ್ಟೇನ್‌ಲೆಸ್ ಸ್ಟೀಲಿನ ತೆಳು ತಗಡು ಬಳಸಿದೆವು. ತಾಮ್ರವೂ ಆಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹಾಳೆ ಕಾಲಕ್ರಮೇಣ ಗಡಸಾಗಿ ಸೀಳುತ್ತದೆ. ಡಾಂಬರಿನ ಹಾಳೆಯ ತುದಿ ಬಿಸಿಲಿಗೆ ಬಿದ್ದರೆ ಹಾಳಾಗುತ್ತದೆ.

ತಗಡು ಕೂರುವ ರೀತಿ ಹೀಗೆ. ಹಿಂದಿನ ಗೋಡೆಯ ಮೇಲೆ ಕನಿಷ್ಠ 200 ಮಿ.ಮೀ. ಮೇಲೇರಿರಬೇಕು, ಅದರ ಮೇಲಂಚನ್ನು ವಾಟರ್‌ಪ್ರೂಫಿಂಗ್ ಮುಚ್ಚಿರಬೇಕು. ಮೇಲಿನಿಂದ ಜಾರಿದ ನೀರು ತಗಡಿನ ಹಿಂದೆ ನುಸುಳದೆ ಮುಂದೆಯೇ ಇಳಿಯಬೇಕಲ್ವಾ, ಅದಕ್ಕೆ. ಆಮೇಲೆ ಖಾಲಿ ಜಾಗವನ್ನು ದಾಟಿ, ಮೊದಲ ವರಸೆಯ ಇಟ್ಟಿಗೆ ಕೆಳಗಿಂದ ಹಾದು, ಗೋಡೆಯ ಮುಖದಿಂದ ಒಂದು ಬೆರಳಿನ ದಪ್ಪದಷ್ಟು ಹೊರಗೆ ಬಂದು ಕೆಳಕ್ಕೆ ಬಾಗಬೇಕು. ತುದಿಯನ್ನು ಇಟ್ಟಿಗೆಯ ಮುಖಕ್ಕೆ ಸಮ ಕತ್ತರಿಸಿದರೆ ನೀರು ತಗಡಿನ ಅಡಿಗೆ ತಿರುಗಿ ಮತ್ತೆ ಒಳಗೇ ಹೋಗುತ್ತದೆ. ಎರಡು ತುಂಡು ಸೇರುವ ಕಡೆ 150 ಮಿ.ಮೀ. ಒಂದರ ಮೇಲೊಂದು ಬರಬೇಕು, ನಡುವೆ ನೀರು ನುಸುಳದ ಹಾಗೆ ಮುಚ್ಚುವ ಸೀಲೆಂಟ್ ಇರಬೇಕು.

ಕಿಟಕಿ ಕೆಳಗೆ ಮತ್ತು ಮೇಲೆ ಹಾಕುವ ಫ್ಲಾಶಿಂಗಿನ ಎರಡೂ ತುದಿಗಳನ್ನು ಹತ್ತಿರದಿಂದ ನೋಡಿ. ತಗಡು ಅಲ್ಲಿಗೆ ಮುಗಿಯುತ್ತದೆ, ನೀರು ಮುಗಿಯುವುದಿಲ್ಲ. ಅದು ಪಕ್ಕಕ್ಕೆ ಜಾರಿ ಗೋಡೆಯೊಳಗೆ ಬೀಳುತ್ತದೆ. ಅದಕ್ಕೆ ತಗಡನ್ನು ಕಿಟಕಿಯ ಅಗಲಕ್ಕಿಂತ ಎರಡೂ ಕಡೆ ಸ್ವಲ್ಪ ಉದ್ದ ಬಿಟ್ಟು, ತುದಿಯನ್ನು ಒಂದು ವರಸೆಯಷ್ಟು ಮೇಲಕ್ಕೆ ಮಡಚಿ, ಮಡಿಕೆಯ ಮೂಲೆಗೆ ಸೀಲೆಂಟ್ ತುಂಬಿದೆವು. ಆ ಮಡಿಕೆ ನಿಲುವು ಸಂದಿನೊಳಗೆ ಕೂರುತ್ತದೆ, ಹೊರಗೆ ಕಾಣುವುದಿಲ್ಲ. ತಗಡು ಮಡಚಲು ಸಿಗುವುದು ಇಟ್ಟಿಗೆ ಬರುವ ಮೊದಲು ಮಾತ್ರ. ಆಮೇಲೆ ಆಸೆಪಟ್ಟರೂ ಆಗುವುದಿಲ್ಲ.

ಇಟ್ಟಿಗೆ, ಗಾರೆ

ಇಟ್ಟಿಗೆ ಎಷ್ಟು ಬೇಗ ನೀರು ಕುಡಿಯುತ್ತದೆ ಅಂತ ನೋಡಲು ಸುಲಭದ ಪರೀಕ್ಷೆ ಇದೆ. ಗಾರೆ ಕೂರುವ ಮೈಯ ಮೇಲೆ ನಾಣ್ಯದಷ್ಟು ಅಗಲದ ವೃತ್ತ ಎಳೆದು, ಅದರೊಳಗೆ ಡ್ರಾಪರಿನಿಂದ 20 ಹನಿ ನೀರು ಬಿಡಬೇಕು. 90 ಸೆಕೆಂಡಿನೊಳಗೆ ನೀರೆಲ್ಲ ಇಂಗಿಹೋದರೆ ಇಟ್ಟಿಗೆಯನ್ನು ಮೊದಲೇ ನೆನೆಸಬೇಕು. ಇಲ್ಲದಿದ್ದರೆ ಅದು ಗಾರೆಯ ನೀರನ್ನು ಎಳೆದುಕೊಂಡು, ಸಿಮೆಂಟ್ ಗಟ್ಟಿಯಾಗಲು ನೀರೇ ಉಳಿಯುವುದಿಲ್ಲ. ನಮ್ಮ ಇಟ್ಟಿಗೆ ಒಂದು ನಿಮಿಷದೊಳಗೇ ಕುಡಿದುಬಿಟ್ಟಿತು. ಹಾಗಾಗಿ ಹಿಂದಿನ ಸಂಜೆಯೇ ಪೈಪಿನಿಂದ ಚೆನ್ನಾಗಿ ತೋಯಿಸಿ ಇಡುತ್ತಿದ್ದೆವು. ಕಟ್ಟುವಾಗ ಒಳಗೆ ತೇವ ಇರಬೇಕು, ಮೈ ಒಣಗಿರಬೇಕು. ನೀರು ತೊಟ್ಟಿಕ್ಕುವ ಇಟ್ಟಿಗೆ ಗಾರೆ ಮೇಲೆ ನಿಲ್ಲದೆ ತೇಲುತ್ತದೆ.

ಗಾರೆ 1:1:6. ಸಿಮೆಂಟ್ ಒಂದು, ಸುಣ್ಣ ಒಂದು, ಮರಳು ಆರು. ಅಳತೆ ಡಬ್ಬದಲ್ಲಿ, ಸಲಿಕೆಯಲ್ಲಿ ಅಲ್ಲ. ಸಲಿಕೆಯಲ್ಲಿ ಹಾಕಿದರೆ ಒಂದೊಂದು ಕಲಸಿಗೂ ಬಣ್ಣ ಬದಲಾಗುತ್ತದೆ. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅಂತ ತುಂಬಾ ಜನ ನಂಬಿದ್ದಾರೆ. ಹೊದಿಕೆಗೆ ಅದು ಒಳ್ಳೆಯದಲ್ಲ. ಗಾರೆ ಇಟ್ಟಿಗೆಗಿಂತ ಮೆದುವಾಗಿದ್ದರೆ, ಗೋಡೆ ಅಲುಗಿದಾಗ ಬಿರುಕು ಸಂದಿನಲ್ಲಿ ಬೀಳುತ್ತದೆ, ಅದನ್ನು ಕೆರೆದು ಮತ್ತೆ ತುಂಬಬಹುದು. ಗಾರೆಯೇ ಗಟ್ಟಿಯಾದರೆ ಇಟ್ಟಿಗೆಯೇ ಸೀಳುತ್ತದೆ. ಸುಣ್ಣದಿಂದ ಗಾರೆ ನುಣ್ಣಗೆ ಕರಣೆಯ ಮೇಲೆ ನಿಲ್ಲುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಲಸಿದ ಗಾರೆಯನ್ನು ಎರಡೂವರೆ ಗಂಟೆಯೊಳಗೆ ಮುಗಿಸಬೇಕು. ಅಷ್ಟರೊಳಗೆ ಬಿಗಿಯಾದರೆ ಸ್ವಲ್ಪ ನೀರು ಚಿಮುಕಿಸಿ ಕಲಸಬಹುದು, ಅದು ದಾಟಿದರೆ ಚೆಲ್ಲಬೇಕು.

ವರಸೆ ಏರುವುದು

ಮೊದಲ ವರಸೆಯನ್ನು ಗಾರೆ ಇಲ್ಲದೆ ಒಣದಾಗಿ ಜೋಡಿಸಿ ನೋಡಿದೆವು. ಮೇಸ್ತ್ರಿ ಹೇಳಿದ್ದು ಇಷ್ಟೇ: “ಮೂಲೆಗೆ ಚೂರು ಬರಬಾರದು ಸಾರ್, ಸಂದಿನಲ್ಲೇ ಹೊಂದಿಸೋಣ.” ಒಂದೊಂದು ಸಂದನ್ನು ಒಂದೆರಡು ಮಿ.ಮೀ. ಹೆಚ್ಚು ಕಡಿಮೆ ಮಾಡಿದರೆ ಗೋಡೆಯ ಕೊನೆಗೆ ಇಡೀ ಅಥವಾ ಅರ್ಧ ಇಟ್ಟಿಗೆಯೇ ಬರುತ್ತದೆ. ಎತ್ತರಕ್ಕೆ ಒಂದು ನೇರ ಮರದ ಪಟ್ಟಿಯ ಮೇಲೆ 86 ಮಿ.ಮೀ.ಗೊಂದು ಗುರುತು ಹಾಕಿದೆವು. ಇಟ್ಟಿಗೆ 76, ಸಂದು 10. ಏಳು ವರಸೆಗೆ ಹೆಚ್ಚು ಕಡಿಮೆ 600. ಆ ಪಟ್ಟಿಯನ್ನು ಕಿಟಕಿಯ ಪಕ್ಕ ಹಿಡಿದರೆ ಲಿಂಟಲ್ ಎಷ್ಟನೇ ವರಸೆಗೆ ಬರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಆಮೇಲೆ ಎರಡೂ ಮೂಲೆಗಳನ್ನು ಐದಾರು ವರಸೆ ಮೇಲೆತ್ತಿ, ರಸಮಟ್ಟ ಮತ್ತು ತೂಗುಗುಂಡು ಹಿಡಿದು ನೋಡಿ, ನಡುವೆ ದಾರ ಕಟ್ಟಿ ಇಟ್ಟಿಗೆ ತುಂಬುತ್ತಾ ಹೋಗುವುದು. ಇಟ್ಟಿಗೆ ದಾರವನ್ನು ಮುಟ್ಟಬಾರದು. ಕೂದಲೆಳೆ ಬಿಟ್ಟು ನಿಲ್ಲಬೇಕು. ಒಂದು ಇಟ್ಟಿಗೆ ದಾರವನ್ನು ತಳ್ಳಿದರೆ ಮುಂದಿನವೆಲ್ಲ ಅದರ ಹಿಂದೆಯೇ ಹೋಗುತ್ತವೆ. ನಿಲುವು ಸಂದುಗಳಲ್ಲಿ ಗಾರೆ ಪೂರ್ತಿ ತುಂಬಿರಬೇಕು. ಇಟ್ಟಿಗೆಯ ತಲೆಗೆ ಅಂಚಿನಲ್ಲಿ ಮಾತ್ರ ಗಾರೆ ಬಳಿದರೆ ಹೊರಗೆ ಚೆಂದ ಕಾಣುತ್ತದೆ, ಒಳಗೆ ಟೊಳ್ಳು. ಮಳೆ ನೀರು ಮೊದಲು ಹುಡುಕಿಕೊಂಡು ಬರುವುದು ಆ ಟೊಳ್ಳನ್ನೇ.

ಫ್ಲಾಶಿಂಗಿನ ಮೇಲಿನ ಮೊದಲ ವರಸೆಯಲ್ಲಿ ಎರಡು ಇಟ್ಟಿಗೆಗೊಂದು ನಿಲುವು ಸಂದನ್ನು ಗಾರೆ ಹಾಕದೆ ಖಾಲಿ ಬಿಟ್ಟೆವು. ಅದೇ ವೀಪ್ ಹೋಲ್. ನಮ್ಮ ಅಳತೆಗೆ 480 ಮಿ.ಮೀ.ಗೊಂದು ಬಂತು. 600 ದಾಟದಿದ್ದರೆ ಒಳ್ಳೆಯದು. ಹುಳ ಹುಪ್ಪಟೆ ಹೋಗದ ಹಾಗೆ ಸ್ಟೇನ್‌ಲೆಸ್ ಜಾಲರಿ ಸಿಕ್ಕಿಸಿದೆವು. ಕಿಟಕಿಯ ಮೇಲೆ, ಕಿಟಕಿಯ ಕೆಳಗೆ, ಎಲ್ಲೆಲ್ಲಿ ಫ್ಲಾಶಿಂಗ್ ಇದೆಯೋ ಅಲ್ಲೆಲ್ಲ ತೂತು ಬೇಕು. ಗೋಡೆಯ ತುತ್ತತುದಿಯ ವರಸೆಯಲ್ಲೂ ಕೆಲವು ಬಿಟ್ಟೆವು. ಕೆಳಗಿಂದ ಗಾಳಿ ಹೊಕ್ಕು ಮೇಲಿಂದ ಹೊರಟರೆ ಹಿಂದಿನ ಜಾಗ ಬೇಗ ಒಣಗುತ್ತದೆ.

ಖಾಲಿ ಜಾಗ ಖಾಲಿಯಾಗಿಯೇ ಉಳಿಯಬೇಕು. ಇದು ಹೇಳಲು ಸುಲಭ. ಪ್ರತಿ ಇಟ್ಟಿಗೆ ಒತ್ತಿದಾಗಲೂ ಗಾರೆ ಹಿಂದಕ್ಕೆ ಹಿಂಡಿ ಕೆಳಗೆ ಬೀಳುತ್ತದೆ. ತಳದಲ್ಲಿ ಗುಡ್ಡೆಯಾಗಿ ತೂತುಗಳನ್ನು ಮುಚ್ಚುತ್ತದೆ, ಟೈ, ಅಂದರೆ ಹೊದಿಕೆಯನ್ನು ಹಿಂದಿನ ಗೋಡೆಗೆ ಹಿಡಿದಿಡುವ ಲೋಹದ ಕೊಂಡಿ, ಅದರ ಮೇಲೆ ಕೂತು ನೀರಿಗೆ ಸೇತುವೆಯಾಗುತ್ತದೆ. ಅದಕ್ಕೆ ಎರಡು ಉಪಾಯ. ಗಾರೆ ಹಾಸಿದ ಮೇಲೆ ಅದರ ಹಿಂಬದಿಯನ್ನು ಕರಣೆಯಿಂದ ಇಳಿಜಾರಾಗಿ ಸವರಿಬಿಟ್ಟರೆ ಹಿಂದಕ್ಕೆ ಹಿಂಡುವುದು ಕಡಿಮೆ. ಮತ್ತೆ ಖಾಲಿ ಜಾಗಕ್ಕಿಂತ ಸ್ವಲ್ಪ ಕಿರಿದಾದ ಮರದ ಪಟ್ಟಿಯ ಎರಡೂ ತುದಿಗೆ ತಂತಿ ಕಟ್ಟಿ ಟೈಗಳ ಮೇಲೆ ಮಲಗಿಸಿದ್ದೆವು. ಬಿದ್ದ ಗಾರೆ ಅದರ ಮೇಲೆ ನಿಲ್ಲುತ್ತದೆ. ಮುಂದಿನ ಟೈ ಸಾಲು ಬರುವ ಮೊದಲು ಪಟ್ಟಿಯನ್ನು ಮೇಲೆಳೆದು, ಕೆರೆದು, ಮತ್ತೆ ಇಳಿಸುವುದು. 25 ಮಿ.ಮೀ. ಜಾಗ ಬಿಟ್ಟರೂ ನಡೆಯುತ್ತದೆ ಅನ್ನುತ್ತಾರೆ. ಕನಿಷ್ಠ ಅಳತೆ ಅದೇ ಹೌದು. ಆದರೆ ಅಷ್ಟು ಇಕ್ಕಟ್ಟಿನಲ್ಲಿ ಗಾರೆ ಹಿಂದಿನ ಗೋಡೆಗೆ ತಾಗದ ಹಾಗೆ ಕಟ್ಟುವುದು ಬಲು ಕಷ್ಟ. 50 ಬಿಡಿ.

ಹತ್ತು ವರಸೆ ಆದ ಮೇಲೆ ಹಿಂದಿನ ಜಾಗಕ್ಕೆ ಒಂದು ಬಕೆಟ್ ನೀರು ಮೆಲ್ಲಗೆ ಹೊಯ್ದು ನೋಡಿದೆವು. ಒಂದಾದ ಮೇಲೊಂದು ತೂತಿನಿಂದ ನೀರು ಹೊರಗೆ ಬಂತು, ಜೊತೆಗೆ ಒಂದಿಷ್ಟು ಮರಳೂ ಬಂತು. ಈ ಪರೀಕ್ಷೆಯನ್ನು ಈ ಹಂತದಲ್ಲೇ ಮಾಡಿ. ಕಟ್ಟಿಕೊಂಡ ತೂತನ್ನು ಈಗಾದರೆ ಮೇಲಿನಿಂದ ಕಡ್ಡಿ ಹಾಕಿ ಬಿಡಿಸಬಹುದು.

ಇನ್ನು ಈ ಟೈಗಳ ಮಾತು. ಇಟ್ಟಿಗೆ ನಿಂತಿರುವುದು ತನ್ನ ಪಾಯದ ಮೇಲೆಯೇ, ಆದರೆ ಗಾಳಿ ತಳ್ಳಿದಾಗ, ಎಳೆದಾಗ ಅದು ಬೀಳದೆ ಉಳಿಯುವುದು ಟೈಗಳಿಂದ. ಒಂದು ಟೈಗೆ ಕಾಲು ಚದರ ಮೀಟರಿಗಿಂತ ಜಾಸ್ತಿ ಗೋಡೆ ಬರಬಾರದು. ಐದು ವರಸೆಗೊಮ್ಮೆ, ಅಂದರೆ 430 ಮಿ.ಮೀ. ಎತ್ತರಕ್ಕೆ, ಅಡ್ಡಕ್ಕೆ 550 ಮಿ.ಮೀ.ಗೊಂದರಂತೆ ಹಾಕಿದೆವು. ಕಿಟಕಿಯ ಸುತ್ತ ಅಂಚಿನಿಂದ 300 ಮಿ.ಮೀ. ಒಳಗೆ ಹೆಚ್ಚಿನ ಟೈ ಬೇಕು. ಹಿಂದಿನ ಗೋಡೆಗೆ ಡ್ರಿಲ್ ಹೊಡೆದ ಪ್ರತಿ ತೂತೂ ವಾಟರ್‌ಪ್ರೂಫಿಂಗಿಗೆ ಬಿದ್ದ ತೂತೇ. ಹಾಗಾಗಿ ಒಂದೊಂದರ ಬುಡಕ್ಕೂ ಸೀಲೆಂಟ್ ಹಾಕಬೇಕು. ಟೈ ಇಟ್ಟಿಗೆಯ ಕಡೆಗೆ ತುಸು ಇಳಿಜಾರಾಗಿರಲಿ, ಹಿಂದಕ್ಕೆ ವಾಲಿದರೆ ನೀರನ್ನು ಮನೆಯ ಕಡೆಗೇ ನಡೆಸುತ್ತದೆ. ಗಾರೆಯೊಳಗೆ ಕನಿಷ್ಠ 38 ಮಿ.ಮೀ. ಹುದುಗಿರಬೇಕು, ಮುಂದೆ 16 ಮಿ.ಮೀ. ಗಾರೆಯ ಮರೆ ಇರಬೇಕು. ಟೈ ಇಟ್ಟು ಅದರ ಮೇಲೆ ಗಾರೆ ಹಾಕುವುದಲ್ಲ, ಹಾಸಿದ ಗಾರೆಯ ನಡುವೆ ಒತ್ತಬೇಕು.

ಕಿಟಕಿಯ ಮೇಲೆ ಸತು ಲೇಪನದ ಉಕ್ಕಿನ ಎಲ್ ಆಂಗಲ್. ಎರಡೂ ಕಡೆ ಇಟ್ಟಿಗೆಯ ಮೇಲೆ ಕನಿಷ್ಠ 100 ಮಿ.ಮೀ. ಕೂರಬೇಕು. ದಪ್ಪವನ್ನು ಕಿಟಕಿಯ ಅಗಲ ನೋಡಿ ಇಂಜಿನಿಯರೇ ಹೇಳಬೇಕು. ಕಿಟಕಿಯ ಕೆಳಗೆ ಇಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ, 15 ಡಿಗ್ರಿಯಷ್ಟು ಹೊರಕ್ಕೆ ಇಳಿಜಾರು ಕೊಟ್ಟು, ಗೋಡೆಯ ಮುಖದಿಂದ 25 ಮಿ.ಮೀ. ಮುಂದೆ ಚಾಚಿಸಿದೆವು.

ಇನ್ನೊಂದು ಮಾತು, ಇದನ್ನು ತುಂಬಾ ಕಡೆ ಬಿಟ್ಟುಬಿಡುತ್ತಾರೆ. ಸುಟ್ಟ ಮಣ್ಣಿನ ಇಟ್ಟಿಗೆ ಗೂಡಿನಿಂದ ಹೊರಬಂದ ಮೇಲೆ ಗಾಳಿಯ ತೇವ ಹೀರಿ ನಿಧಾನಕ್ಕೆ ಹಿಗ್ಗುತ್ತದೆ, ಮತ್ತೆ ಕುಗ್ಗುವುದಿಲ್ಲ. ಹಿಂದಿನ ಕಾಂಕ್ರೀಟ್ ಬ್ಲಾಕ್ ಗೋಡೆ ಒಣಗುತ್ತಾ ಕುಗ್ಗುತ್ತದೆ. ಒಂದು ಹಿಗ್ಗಿ ಒಂದು ಕುಗ್ಗಿದರೆ ಉದ್ದ ಗೋಡೆ ಮೂಲೆಯಲ್ಲಿ ಸೀಳುತ್ತದೆ. ಅದಕ್ಕೆ ಮೇಲಿಂದ ಕೆಳಗಿನವರೆಗೆ ಗಾರೆಯೇ ಇಲ್ಲದ ಒಂದು ಸಂದು ಬಿಡಬೇಕು. ಆರೇಳು ಮೀಟರಿಗೊಂದು, ಮೂಲೆಯಿಂದ 3 ಮೀಟರ್ ಒಳಗೊಂದು. ನಮ್ಮ ಗೋಡೆ ಸುಮಾರು 9 ಮೀಟರ್, ಹಾಗಾಗಿ ಮೂಲೆಯಿಂದ 3 ಮೀಟರ್ ದೂರದಲ್ಲಿ ಒಂದೇ ಸಾಕಾಯಿತು. ಮಳೆನೀರಿನ ಪೈಪು ಅದರ ಮುಂದೆ ಇಳಿಯುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಫೋಮಿನ ಹಗ್ಗ ತುರುಕಿ ಮೇಲೆ ಸೀಲೆಂಟ್. ಅದರ ಎರಡೂ ಬದಿಗೆ ಟೈ ಸಾಲು. ಕೊನೆಯ ವರಸೆಗೂ ಛಾವಣಿಯ ಚಾಚಿಗೂ ನಡುವೆಯೂ ಹೀಗೇ ಜಾಗ ಬೇಕು.

ಸಂದು ತೀಡುವುದು

ಸಂದಿನ ಗಾರೆಯನ್ನು ಕಬ್ಬಿಣದ ಕಡ್ಡಿಯಿಂದ ಒತ್ತಿ ನುಣುಪು ಮಾಡುವುದೇ ತೀಡುವುದು. ಅದರ ಹೊತ್ತನ್ನು ಬೆರಳೇ ಹೇಳುತ್ತದೆ. ಗಾರೆಯನ್ನು ಹೆಬ್ಬೆರಳಿನಿಂದ ಒತ್ತಿ. ಗುರುತು ಬೀಳಬೇಕು, ಗಾರೆ ಬೆರಳಿಗೆ ಅಂಟಬಾರದು. ಅದೇ ಸರಿಯಾದ ಹೊತ್ತು. ಬೇಗ ತೀಡಿದರೆ ಸಿಮೆಂಟಿನ ನೀರು ಮೇಲೆ ಬಂದು ಸಂದು ಬಿಳಚಿಕೊಳ್ಳುತ್ತದೆ. ತಡವಾದರೆ ಕಬ್ಬಿಣ ಉಜ್ಜಿ ಕಪ್ಪು ಗೆರೆ ಬೀಳುತ್ತದೆ. ಬಿಸಿಲಿನ ಭಾಗ ಬೇಗ ಬಿಗಿಯಾಗುತ್ತದೆ, ನೆರಳಿನ ಭಾಗ ತಡ. ಅದಕ್ಕೆ ಸಾಲಾಗಿ ತೀಡುತ್ತಾ ಹೋಗದೆ ಬೆರಳಿಟ್ಟು ನೋಡುತ್ತಾ ಹೋಗಬೇಕು. ನಾವು ಒಳಕ್ಕೆ ಬಾಗಿದ ಅರ್ಧಗೋಲದ ಸಂದು ಮಾಡಿದೆವು. ಕಡ್ಡಿ ಒತ್ತಿದಾಗ ಗಾರೆ ಇಟ್ಟಿಗೆಯ ಎರಡೂ ಅಂಚಿಗೆ ಬಿಗಿಯಾಗಿ ಕೂರುತ್ತದೆ, ನೀರು ನಿಲ್ಲಲು ಮೆಟ್ಟಿಲು ಇರುವುದಿಲ್ಲ. ಸಂದನ್ನು ಒಳಕ್ಕೆ ಕೆರೆದು ಇಟ್ಟಿಗೆಯ ಅಂಚು ಎದ್ದು ಕಾಣುವ ಹಾಗೆ ಮಾಡುವುದು ನೋಡಲು ಚೆಂದ. ಆದರೆ ಮಳೆ ಹೊಡೆಯುವ ಗೋಡೆಗೆ ಬೇಡ.

ಚೆಲ್ಲಿದ ಗಾರೆಯನ್ನು ಅಂದಂದೇ ಒಣ ಬ್ರಷ್ಷಿನಿಂದ ತೆಗೆದರೆ ಆಮೇಲೆ ಆಸಿಡ್ ಮುಟ್ಟುವ ಕೆಲಸವೇ ಇರುವುದಿಲ್ಲ. ಹಾಗೂ ಬೇಕಾದರೆ ಗೋಡೆಯನ್ನು ಮೊದಲು ನೀರಿನಿಂದ ಪೂರ್ತಿ ತೋಯಿಸಿ, ಇಟ್ಟಿಗೆಗೆ ಅಂತಲೇ ಬರುವ ಕ್ಲೀನರ್ ಅನ್ನು ಒಂದು ಮೂಲೆಯಲ್ಲಿ ಹಚ್ಚಿ ನೋಡಿ ಮುಂದುವರಿಯಿರಿ. ಹೊಸ ಗೋಡೆ ಬಿಳಿ ಉಪ್ಪು ಬಿಡುವುದು ಸಾಮಾನ್ಯ. ಅದನ್ನು ಒಣದಾಗಿಯೇ ಬ್ರಷ್ ಮಾಡಿ ತೆಗೆಯಿರಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೆ ಹೋಗುತ್ತದೆ. ಒಂದೇ ಜಾಗದಲ್ಲಿ ಬರುತ್ತಲೇ ಇದ್ದರೆ ಅಲ್ಲಿ ನೀರು ಸಿಕ್ಕಿಕೊಂಡಿದೆ ಅಂತ ಅರ್ಥ.

ಕಂಬದ ತೆಳು ಇಟ್ಟಿಗೆ

ಇದು ಟೈಲ್ಸ್ ಕೆಲಸಕ್ಕೆ ಹತ್ತಿರ. ಹಿಂದೆ ಖಾಲಿ ಜಾಗ ಇಲ್ಲ, ಹಾಗಾಗಿ ಅಂಟೇ ಎಲ್ಲ. ಕಂಬದ ಬಣ್ಣವನ್ನು ಪೂರ್ತಿ ಕೆರೆದು ಗಿಲಾವು ಕಾಣುವಂತೆ ಮಾಡಿದೆವು. ಬಣ್ಣದ ಮೇಲೆ ಅಂಟಿಸಿದರೆ ಇಟ್ಟಿಗೆ ಹಿಡಿದಿರುವುದು ಬಣ್ಣವನ್ನು, ಕಂಬವನ್ನಲ್ಲ. ಅಂಟು ಹೊರಗಿನ ಬಳಕೆಗೆ ಅಂತ ಬರುವ ಪಾಲಿಮರ್ ಸೇರಿದ ಸಿಮೆಂಟಿನದು. ಹಲ್ಲಿನ ಕರಣೆಯಿಂದ ಗೋಡೆಗೆ ಗೀರಿ, ಇಟ್ಟಿಗೆಯ ಬೆನ್ನಿಗೂ ತೆಳ್ಳಗೆ ಬಳಿದು ಒತ್ತಿದೆವು. ನಡುನಡುವೆ ಒಂದನ್ನು ಕಿತ್ತು ಬೆನ್ನು ನೋಡಬೇಕು. ಪೂರ್ತಿ ಅಂಟು ಹಿಡಿದಿರಬೇಕು. ಹಿಂದೆ ಪೊಳ್ಳು ಉಳಿದರೆ ನೀರು ಅಲ್ಲೇ ನಿಂತು ಮುಂದೊಂದು ದಿನ ಇಟ್ಟಿಗೆ ಕಳಚುತ್ತದೆ.

ಮೂಲೆಗೆ ಎಲ್ ಆಕಾರದ ತುಂಡುಗಳು ಸಿಗುತ್ತವೆ, ಅವನ್ನು ಮೊದಲು ಕೂರಿಸಿ. ಒಂದು ಸಾಲಿಗೆ ಉದ್ದ ತೋಳು ಮುಂದೆ, ಮುಂದಿನ ಸಾಲಿಗೆ ಗಿಡ್ಡ ತೋಳು ಮುಂದೆ. ಹೀಗೆ ಮಾಡಿದರೆ ಹತ್ತಿರ ಹೋಗಿ ನೋಡಿದರೂ ಇಡೀ ಇಟ್ಟಿಗೆಯ ಕಂಬ ಅನ್ನಿಸುತ್ತದೆ. ಮೂರ್ನಾಲ್ಕು ಪೆಟ್ಟಿಗೆ ಒಟ್ಟಿಗೆ ಬಿಚ್ಚಿ ಬೆರೆಸಿಕೊಳ್ಳಿ, ಇಲ್ಲದಿದ್ದರೆ ಬಣ್ಣ ಪಟ್ಟೆ ಪಟ್ಟೆಯಾಗಿ ನಿಲ್ಲುತ್ತದೆ. ಬಿಸಿಲು ಬಿದ್ದ ಮೈಯಲ್ಲಿ ಅಂಟಿನ ಮೇಲೆ ಬೇಗ ಕೆನೆ ಕಟ್ಟುತ್ತದೆ, ಅದರ ಮೇಲೆ ಒತ್ತಿದ ಇಟ್ಟಿಗೆ ಹಿಡಿಯುವುದಿಲ್ಲ. ನಾವು ನೆರಳು ನೋಡಿಕೊಂಡು ಕಂಬ ಸುತ್ತಿದೆವು. ಗ್ರೈಂಡರಿನಿಂದ ಕತ್ತರಿಸುವಾಗ ಬರುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ನೀರು ಬಿಟ್ಟು ಕತ್ತರಿಸಿ, ಸರಿಯಾದ ಮಾಸ್ಕ್ ಹಾಕಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು.

ಮುಗಿದ ಮೇಲೆ

ನುಣುಪು ಪೊರೆ ಬರುವ ಯಾವ ಕೋಟಿಂಗನ್ನೂ ನಾವು ಹಚ್ಚಲಿಲ್ಲ. ಇಟ್ಟಿಗೆ ಮಳೆಗೆ ನೆನೆಯುತ್ತದೆ, ಬಿಸಿಲಿಗೆ ಒಣಗುತ್ತದೆ. ಹೊರಗೆ ಪೊರೆ ಕಟ್ಟಿದರೆ ಒಳಗೆ ಹೋದ ನೀರಿಗೆ ಆವಿಯಾಗಲು ದಾರಿ ಇಲ್ಲ, ಇಟ್ಟಿಗೆಯ ಮುಖವೇ ಪದರ ಪದರವಾಗಿ ಏಳುತ್ತದೆ.

ಈಗ ಉಳಿದಿರುವುದು ಗೋಡೆಯ ಬುಡದ ನೆಲ. ವೀಪ್ ಹೋಲ್‌ಗಳಿಂದ ಮಣ್ಣು 150 ಮಿ.ಮೀ. ಕೆಳಗೇ ಇರಬೇಕು, ಇಳಿಜಾರು ಗೋಡೆಯಿಂದ ಆಚೆಗೆ ಇರಬೇಕು. ಗಿಡ ನೆಡಲು ಮಣ್ಣು ಏರಿಸಿ, ಇಲ್ಲವೇ ನೆಲಹಾಸು ಎತ್ತರಿಸಿ ತೂತು ಮುಚ್ಚಿದ ಮನೆಗಳನ್ನು ನೋಡಿದ್ದೇನೆ. ಇರುವೆ ಬರುತ್ತದೆ ಅಂತ ಸಿಮೆಂಟ್ ಮೆತ್ತಿದವರನ್ನೂ ನೋಡಿದ್ದೇನೆ. ಹಾಗಾಗಿ ಮನೆಯವರಿಗೆಲ್ಲ ಒಂದೊಂದು ತೂತನ್ನೂ ತೋರಿಸಿ ಹೇಳಿದ್ದೇನೆ. ಮುಂದೆ ಬಣ್ಣ ಬಳಿಯಲೋ ರಿಪೇರಿಗೋ ಯಾರೇ ಬಂದರೂ ಕೆಲಸ ಶುರುವಾಗುವ ಮೊದಲು ಅವರಿಗೂ ತೋರಿಸಬೇಕು. ಹಿಗ್ಗುವ ಸಂದಿನ ಸೀಲೆಂಟನ್ನು ಮಳೆಗಾಲಕ್ಕೆ ಮೊದಲು ಒಮ್ಮೆ ಬೆರಳಿನಿಂದ ಒತ್ತಿ ನೋಡುವುದು. ಗಡಸಾಗಿದ್ದರೆ ಅಥವಾ ಅಂಚು ಬಿಟ್ಟಿದ್ದರೆ ಕಿತ್ತು ಹೊಸದು ತುಂಬುವುದು.